ಗೆದ್ದೆತ್ತಿನ ಬಾಲ

2015ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾದಾಗ, ಲೆಸ್ಟರ್ ಸಿಟಿ ತಂಡ ಪ್ರಶಸ್ತಿ ಗೆಲ್ಲುತ್ತದೆಂದು ಒಂದು ಪೌಂಡ್ ಬಾಜಿ ಕಟ್ಟಿದವರಿಗೆ ಐದು ಸಾವಿರ ಪೌಂಡ್ ಕೊಡಲು ಅಲ್ಲಿನ ಬೆಟ್ಟಿಂಗ್ ಕಂಪನಿಗಳು ತಯಾರಿದ್ದವು. ಕೊಡುವ ಪ್ರಮೇಯವೇ ಬರುವುದಿಲ್ಲ ಎಂಬ ಧೈರ್ಯ ಅವರದು. ಹಿಂದಿನ ಋತುವಿನಲ್ಲಿ 140 ದಿನ ಅಂಕಪಟ್ಟಿಯ ತಳದಲ್ಲೇ ಕೊಳೆತು, ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು, ಹೇಗೋ 14ನೇ ಸ್ಥಾನಕ್ಕೆ ಬಂದು ನಿಂತಿದ್ದ ತಂಡ ಅದು. ಕೋಚ್ ನೈಜಲ್ ಪಿಯರ್ಸನ್ ಹೋಗಿ ಇಟಲಿಯ ಕ್ಲಾಡಿಯೊ ರಾನಿಯೆರಿ ಬಂದಿದ್ದರು. ಮುಂಚೂಣಿಯ ಆಟಗಾರ ಜೇಮಿ ವಾರ್ಡಿ ಕೆಲವೇ ವರ್ಷಗಳ ಹಿಂದೆ ಅರೆವೃತ್ತಿಪರ ಮಟ್ಟದ ಲೀಗ್‌ಗಳಲ್ಲಿ ಆಡುತ್ತ, ಹೊಟ್ಟೆಪಾಡಿಗೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಅದೇ ವಾರ್ಡಿ ಆ ವರ್ಷ ಸತತ 11 ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು ದಾಖಲೆ ಮಾಡಿದರು. 38 ಪಂದ್ಯಗಳಲ್ಲಿ ತಂಡ ಸೋತದ್ದು ಮೂರನ್ನು ಮಾತ್ರ. 81 ಅಂಕ ಗಳಿಸಿ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಅಂಕ ಮುಂದಿತ್ತು. 2016ರ ಮೇ 2ರಂದು ಪ್ರಶಸ್ತಿ ಖಚಿತವಾಯಿತು. ಎರಡು ವಾರದ ನಂತರ ನಡೆದ ವಿಜಯೋತ್ಸವಕ್ಕೆ ಸೇರಿದ ಜನ ಸುಮಾರು 2.4 ಲಕ್ಷ ಎಂದು ಅಂದಾಜು. ಆ ಊರಿನ ಒಟ್ಟು ಜನಸಂಖ್ಯೆ 2011ರ ಜನಗಣತಿಯ ಪ್ರಕಾರ 3.3 ಲಕ್ಷ, ತಂಡದ ಮೈದಾನ ಹಿಡಿಸುವುದು ಸುಮಾರು 32 ಸಾವಿರ. ಉಳಿದ ಎರಡು ಲಕ್ಷ ಮಂದಿ, ತಂಡ ತಳದಲ್ಲಿ ಬಿದ್ದಿದ್ದ ಆ 140 ದಿನ ಎಲ್ಲಿದ್ದರು?

ಹಳೆಯ ಅಭಿಮಾನಿಗಳು ಕೇಳುವ ಪ್ರಶ್ನೆ ಇದು, ಕೇಳುವ ಧಾಟಿಯಲ್ಲೇ ತೀರ್ಪೂ ಇರುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವವರು, ಗಾಳಿ ಬಂದಾಗ ತೂರಿಕೊಳ್ಳುವವರು, ನಿನ್ನೆ ಜೆರ್ಸಿ ಕೊಂಡು ಇವತ್ತು ಗಂಟಲು ಹರಿದುಕೊಳ್ಳುವವರು. ಆಟ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಒಂದು ತಂಡ ಇದ್ದಕ್ಕಿದ್ದಂತೆ ಗೆಲ್ಲತೊಡಗಿತೆಂದರೆ ಈ ಜಗಳ ತಪ್ಪಿದ್ದಲ್ಲ. ಹೊಸಬರದ್ದು ಬೂಟಾಟಿಕೆ, ಹಳಬರದ್ದು ನಿಷ್ಠೆ ಎಂಬ ಈ ವಿಂಗಡಣೆ ಬಹಳ ಸಲೀಸಾಗಿ ಒಪ್ಪಿಗೆಯಾಗಿಬಿಡುತ್ತದೆ. ಆದರೆ ಮನಶ್ಶಾಸ್ತ್ರ, ಸಮಾಜಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಕಳೆದ ಐವತ್ತು ವರ್ಷಗಳಲ್ಲಿ ಸೇರಿಸಿಟ್ಟಿರುವ ಪುರಾವೆಗಳ ಮುಂದೆ ಇದು ನಿಲ್ಲುವುದಿಲ್ಲ. ಗೆಲುವಿನ ಹಿಂದೆ ಬರುವುದು ಅಭಿಮಾನಕ್ಕೆ ಅಂಟಿದ ರೋಗವಲ್ಲ; ಅಭಿಮಾನ ಹುಟ್ಟುವ ಮಾಮೂಲು ದಾರಿಯೇ ಅದು. ಯಾರು ಯಾವಾಗ ಬಂದರು ಎಂಬುದರಿಂದ ತಿಳಿಯುವುದು ಅತ್ಯಲ್ಪ.

ಲೆಸ್ಟರ್‌ನಲ್ಲೇ ನಡೆದ ಒಂದು ಸಣ್ಣ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಅಲ್ಲಿನ ವಿಶ್ವವಿದ್ಯಾಲಯದ ಭೂವಿಜ್ಞಾನ ವಿದ್ಯಾರ್ಥಿಗಳು ಮೈದಾನಕ್ಕೆ ಸುಮಾರು ಅರ್ಧ ಕಿಲೋಮೀಟರ್ ದೂರದ ಒಂದು ಪ್ರಾಥಮಿಕ ಶಾಲೆಯಲ್ಲಿ ಭೂಕಂಪಮಾಪಕ ಇಟ್ಟಿದ್ದರು. 2016ರ ಫೆಬ್ರುವರಿ 27ರಂದು ನಾರ್ವಿಚ್ ವಿರುದ್ಧ ಆಟ ಮುಗಿಯಲು ಒಂದೆರಡು ನಿಮಿಷ ಇರುವಾಗ ಲಿಯೊನಾರ್ಡೊ ಉಲ್ಲೋವಾ ಗೋಲು ಹೊಡೆದರು. ಇಡೀ ಮೈದಾನ ಒಮ್ಮೆಲೇ ಎದ್ದು ಕುಣಿಯಿತು; ಉಪಕರಣ 0.3 ತೀವ್ರತೆಯ ಕಂಪನ ದಾಖಲಿಸಿತು. ಪತ್ರಿಕೆಗಳು ಅದಕ್ಕೆ ವಾರ್ಡಿಯ ಹೆಸರು ಹಚ್ಚಿದವು, ಗೋಲು ಹೊಡೆದವರು ಬೇರೆಯವರಾದರೂ. ಹೈಪ್ ಎಂದರೆ ಏನೆಂಬುದಕ್ಕೆ ಇಷ್ಟು ಸಾಕು. ಆ ಕಂಪನದಲ್ಲಿ ನಲವತ್ತು ವರ್ಷದ ಅಭಿಮಾನಿಯ ಜಿಗಿತ ಎಷ್ಟು, ಹೋದ ತಿಂಗಳು ಬಂದವನ ಜಿಗಿತ ಎಷ್ಟು ಎಂದು ಬೇರ್ಪಡಿಸುವುದು ಯಾವ ಉಪಕರಣಕ್ಕೂ ಸಾಧ್ಯವಿಲ್ಲ. ಆ ಕ್ಷಣದ ಸಂತೋಷದಲ್ಲಿ ಸೀನಿಯಾರಿಟಿ ಇರುವುದಿಲ್ಲ. ವ್ಯತ್ಯಾಸವೇನಾದರೂ ಇದ್ದರೆ ಅದನ್ನು ಸೋಲಿನ ಮಾರನೆಯ ದಿನ ಹುಡುಕಬೇಕು.

ಹಾಗೆ ಮಾರನೆಯ ದಿನ ಹುಡುಕಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಅವರ ಸಂಗಡಿಗರು. 1973ರಲ್ಲಿ ಏಳು ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಪ್ರತಿ ಸೋಮವಾರ ಅವರು ಒಂದು ಸರಳ ಎಣಿಕೆ ಮಾಡಿದರು: ತಮ್ಮ ವಿಶ್ವವಿದ್ಯಾಲಯದ ಹೆಸರೋ ಲಾಂಛನವೋ ಇರುವ ಬಟ್ಟೆ, ಬ್ಯಾಡ್ಜು, ಚೀಲಗಳೊಂದಿಗೆ ಎಷ್ಟು ವಿದ್ಯಾರ್ಥಿಗಳು ಬಂದಿದ್ದಾರೆ? ಶನಿವಾರದ ಪಂದ್ಯ ತಂಡ ಗೆದ್ದಿದ್ದರೆ ಆ ಸಂಖ್ಯೆ ಏರುತ್ತಿತ್ತು. (ಅದು ಅಮೆರಿಕನ್ ಫುಟ್‌ಬಾಲ್, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ, ನಮ್ಮ ವಾದಕ್ಕೆ ಅದರಿಂದ ಬಾಧಕವಿಲ್ಲ.) ಆಮೇಲೆ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಪಂದ್ಯದ ಬಗ್ಗೆ ಕೇಳಿದರು. ಗೆದ್ದ ಪಂದ್ಯದ ಮಾತು ಬಂದಾಗ ‘ನಾವು’ ಎಂಬ ಪದ ಹೆಚ್ಚು ಕೇಳಿಸಿತು, ಸೋತ ಪಂದ್ಯದಲ್ಲಿ ಕಡಿಮೆ. ‘ನಾವ್ ಗೆದ್ವಿ’, ‘ಅವ್ರು ಸೋತ್ರು’ ಎಂಬ ಈ ವ್ಯಾಕರಣ ನಮಗೂ ಹೊಸದಲ್ಲ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಅದೇ ಫೋನ್ ಕರೆಯಲ್ಲಿ ಒಂದು ಚಿಕ್ಕ ರಸಪ್ರಶ್ನೆ ಮಾಡಿ ‘ನಿಮ್ಮ ಅಂಕ ಕಡಿಮೆ ಬಂದಿದೆ’ ಎಂದು ಹೇಳಿದವರಲ್ಲಿ ಈ ಒಲವು ಇನ್ನಷ್ಟು ಎದ್ದು ಕಂಡಿತು. ಸ್ವಂತದ ಮುಖ ಸಪ್ಪಗಾದಾಗ ತಂಡದ ಗೆಲುವಿನ ಬೆಳಕು ಹೆಚ್ಚು ಬೇಕಾಗುತ್ತದೆ. 1976ರಲ್ಲಿ ಪ್ರಕಟವಾದ ಈ ಅಧ್ಯಯನ ಇವತ್ತಿಗೂ ಈ ವಿಷಯದ ಅಡಿಗಲ್ಲು.

ಇದರ ಮಗ್ಗುಲಿನ ಪ್ರವೃತ್ತಿಯನ್ನು, ಅಂದರೆ ಸೋತಾಗ ಮೆಲ್ಲಗೆ ಜಾರಿಕೊಳ್ಳುವುದನ್ನು, ಚಾರ್ಲ್ಸ್ ಸ್ನೈಡರ್ ಮತ್ತವರ ತಂಡ 1986ರಲ್ಲಿ ದಾಖಲಿಸಿತು. ಕಾಲ್ಚೆಂಡಿನಲ್ಲೂ ಇದೇ ನಡೆಯುತ್ತದೆಯೇ ಎಂದು ಕೇಳುವವರಿಗೆ ಬೆಲ್ಜಿಯಂನ ಫಿಲಿಪ್ ಬೂನ್ ಮತ್ತು ಸಂಗಡಿಗರು 2002ರಲ್ಲಿ ಉತ್ತರ ಕೊಟ್ಟರು. ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್‌ನ ಫುಟ್‌ಬಾಲ್ ಕ್ಲಬ್‌ಗಳ ಜಾಲತಾಣಗಳಿಗೆ ವಾರವಾರವೂ ಎಷ್ಟು ಮಂದಿ ಭೇಟಿ ಕೊಡುತ್ತಾರೆಂದು ನೋಡಿದರೆ, ಗೆದ್ದ ನಂತರ ಏರಿಕೆ, ಸೋತ ನಂತರ ಇಳಿಕೆ. ಇಲ್ಲಿ ಗಮನಿಸಬೇಕಾದ್ದು, ಕ್ಲಬ್‌ನ ಸ್ವಂತ ತಾಣಕ್ಕೆ ಹೋಗುವವರು ದಾರಿಹೋಕರಲ್ಲ, ಅಷ್ಟಿಷ್ಟು ಅಭಿಮಾನ ಇರುವವರೇ. ಅಂದರೆ ಗಾಳಿಗೆ ತೂರಿಕೊಳ್ಳುವ ಗುಣ ಹೊರಗಿನವರದ್ದು ಮಾತ್ರವಲ್ಲ. ಒಳಗಿನವರಲ್ಲೂ ವಾರವಾರವೂ ಅದರ ಏರಿಳಿತ ಇದ್ದೇ ಇದೆ. ಸೋತ ಮಾರನೆಯ ದಿನ ಕ್ರೀಡಾಪುಟ ತಿರುವಿ ಹಾಕಿಬಿಡುವವರು ಯಾರೂ ತಮ್ಮನ್ನು ಅವಕಾಶವಾದಿಗಳೆಂದು ಕರೆದುಕೊಳ್ಳುವುದಿಲ್ಲವಲ್ಲ.

ಹಾಗಾದರೆ ಗೆಲುವೊಂದಿದ್ದರೆ ಜನ ತಾವಾಗಿ ಬರುತ್ತಾರೆಯೇ? ಇಲ್ಲ, ಅದಕ್ಕೆ ನಮ್ಮ ರಾಜ್ಯದ್ದೇ ಪುರಾವೆ ಇದೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ನಡುವಿನ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯದ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಸಿಕ್ಕ ಪ್ರಶಸ್ತಿ ಅದು. ಇದ್ದಕ್ಕಿದ್ದಂತೆ ಗೆದ್ದ ತಂಡ ಎನ್ನಲು ಬೇಕಾದ ಎಲ್ಲ ಅರ್ಹತೆಯೂ ಇತ್ತು: ದೀರ್ಘ ಬರಗಾಲ, ಪರದೇಶದ ಮೈದಾನ, ಒಂದೇ ಗೋಲಿನ ಅಂತರ. ಆದರೆ ಬಾಲ ಹಿಡಿಯಲು ಯಾರೂ ಓಡಿಬರಲಿಲ್ಲ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಸುದ್ದಿ ಬಂತು, ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್‌ಗಳಂಥ ಫುಟ್‌ಬಾಲ್ ಉಸಿರಾಡುವ ಬಡಾವಣೆಗಳಲ್ಲಿ ಸಂಭ್ರಮ ಇದ್ದೀತು. ಅದರಾಚೆಗೆ ರಾಜ್ಯದ ಬಹುಪಾಲು ಜನಕ್ಕೆ ಗೊತ್ತೇ ಆಗಲಿಲ್ಲ. ರಾಜ್ಯ ತಂಡ ಎಂಬುದು ಟೂರ್ನಿಗಾಗಿ ಕೂಡಿ ಆಮೇಲೆ ಚದುರುವ ತಂಡ. ಅದಕ್ಕೆ ವಾರವಾರದ ಪಂದ್ಯವಿಲ್ಲ, ರಸ್ತೆಯಲ್ಲಿ ಕಾಣುವ ಜೆರ್ಸಿಯಿಲ್ಲ, ಹೋಗಿ ಕೂರಲು ‘ನಮ್ಮ’ ಸ್ಟ್ಯಾಂಡ್ ಇಲ್ಲ. ಬೆಳಕು ಇತ್ತು, ಆ ಬೆಳಕಿನಲ್ಲಿ ನಿಂತ ಬೇರೆಯವರು ಕಾಣಿಸಲಿಲ್ಲ. ಚಿಯಾಲ್ಡಿನಿಯವರ ವಿವರಣೆ ಅರ್ಧ ಮಾತ್ರ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಗೆಲುವು ಜನರನ್ನು ನೇರವಾಗಿ ಸೆಳೆಯುವುದಕ್ಕಿಂತ ಹೆಚ್ಚಾಗಿ, ಈಗಾಗಲೇ ಸೇರಿದ ಜನ ಉಳಿದವರನ್ನು ಸೆಳೆಯುತ್ತಾರೆ.

ಅದು ಹೇಗೆಂದು ಸ್ಟ್ಯಾನ್ಲಿ ಮಿಲ್‌ಗ್ರಾಂ 1969ರಲ್ಲಿ ನ್ಯೂಯಾರ್ಕಿನ ಒಂದು ಜನನಿಬಿಡ ರಸ್ತೆಯಲ್ಲಿ ತೋರಿಸಿದರು. ತಮ್ಮ ಸಹಾಯಕರನ್ನು ಕಾಲುದಾರಿಯಲ್ಲಿ ನಿಲ್ಲಿಸಿ, ಎದುರಿನ ಕಟ್ಟಡದ ಆರನೇ ಮಹಡಿಯ ಕಿಟಕಿಯನ್ನು ಒಂದು ನಿಮಿಷ ತಲೆಯೆತ್ತಿ ನೋಡುವಂತೆ ಹೇಳಿದರು. ಕಿಟಕಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಬ್ಬನೇ ನಿಂತು ನೋಡಿದಾಗ ದಾರಿಹೋಕರಲ್ಲಿ ಶೇ 4ರಷ್ಟು ಮಂದಿ ಅವನ ಜೊತೆ ನಿಂತರು; 15 ಜನ ನಿಂತು ನೋಡಿದಾಗ ಶೇ 40ರಷ್ಟು ಮಂದಿ ನಿಂತರು. ಇದನ್ನು ಕುರಿಮಂದೆ ಎಂದು ನಕ್ಕುಬಿಡುವುದು ಸುಲಭ. ಆದರೆ ಹದಿನೈದು ಜನ ಒಂದೇ ಕಡೆ ನೋಡುತ್ತಿದ್ದರೆ ಅಲ್ಲಿ ಏನೋ ಇದೆ ಎಂದು ಊಹಿಸುವುದು ದಡ್ಡತನವಲ್ಲ. ಜೀವಮಾನದ ಲೆಕ್ಕ ಹಿಡಿದರೆ ಆ ಊಹೆ ಸರಿಯಾಗುವುದೇ ಹೆಚ್ಚು. ಹೋಟೆಲ್ ಆಯ್ಕೆ ಮಾಡುವಾಗ, ಡಾಕ್ಟರನ್ನು ಹುಡುಕುವಾಗ ನಾವೆಲ್ಲ ಮಾಡುವುದು ಇದನ್ನೇ. ಎಲ್ಲವನ್ನೂ ಸ್ವತಃ ಪರೀಕ್ಷಿಸಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಬೇರೆಯವರ ಆಯ್ಕೆಯೇ ಅಗ್ಗದ ಮಾಹಿತಿ. ಲೆಸ್ಟರ್ ಆಟ ನೋಡಲು ಯೋಗ್ಯ ಎಂದು 2016ರ ಮಾರ್ಚ್‌ನಲ್ಲಿ ಕಂಡುಕೊಂಡವನು ಜನರನ್ನು ನೋಡಿ ಕಂಡುಕೊಂಡ. ಅವನು ಕಂಡುಕೊಂಡದ್ದು ನಿಜವೂ ಆಗಿತ್ತು.

ಈ ಅಗ್ಗದ ಮಾಹಿತಿಗೆ ಒಂದು ದೋಷವಿದೆ, ಹೈಪ್‌ನ ಬೇರು ಅಲ್ಲಿಯೇ ಇದೆ. 2006ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಒಂದು ಸುಂದರ ಪ್ರಯೋಗ ಪ್ರಕಟಿಸಿದರು. ಅಂತರ್ಜಾಲದಲ್ಲಿ ಹೆಸರಿಲ್ಲದ ಬ್ಯಾಂಡ್‌ಗಳ 48 ಹಾಡುಗಳನ್ನು ಇಟ್ಟು, 14 ಸಾವಿರಕ್ಕೂ ಹೆಚ್ಚು ಮಂದಿಗೆ ಕೇಳಿಸಿದರು. ಒಂದು ಗುಂಪಿಗೆ ಬೇರೆಯವರ ಆಯ್ಕೆ ತಿಳಿಯದಂತೆ ಮಾಡಿದರು. ಉಳಿದವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಿಗೆ ಹಂಚಿ, ತಂತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆಂದು ಕಾಣುವಂತೆ ಮಾಡಿದರು. ಎಣಿಕೆ ಕಣ್ಣಿಗೆ ಬಿದ್ದಲ್ಲೆಲ್ಲ ಜನಪ್ರಿಯ ಹಾಡು ಇನ್ನಷ್ಟು ಜನಪ್ರಿಯವಾಯಿತು, ಹಿಂದುಳಿದದ್ದು ಇನ್ನೂ ಹಿಂದುಳಿಯಿತು. ಆದರೆ ಯಾವ ಹಾಡು ಮೇಲೇರುತ್ತದೆ ಎಂಬುದು ಒಂದು ಲೋಕದಿಂದ ಇನ್ನೊಂದಕ್ಕೆ ಬದಲಾಯಿತು. ತೀರ ಒಳ್ಳೆಯ ಹಾಡು ತಳಕ್ಕೆ ಬಿದ್ದದ್ದು ಅಪರೂಪ, ತೀರ ಕೆಟ್ಟದ್ದು ತುದಿ ಮುಟ್ಟಿದ್ದೂ ಅಪರೂಪ. ನಡುವಿನ ಹಾಡುಗಳ ಹಣೆಬರಹ ಮಾತ್ರ ಮೊದಲು ಬಂದ ಕೆಲವರ ಆಯ್ಕೆಯ ಮೇಲೆ ನಿಂತಿತ್ತು. ಗುಂಪು ಹೇಳುವುದು ಸುಳ್ಳಲ್ಲ, ಆದರೆ ಗುಂಪು ಉತ್ಪ್ರೇಕ್ಷೆ ಮಾಡುತ್ತದೆ. ಎಂಟನೆಯವನು ಏಳು ಜನರನ್ನು ನೋಡಿ ಬರುತ್ತಾನೆ, ಒಂಬತ್ತನೆಯವನು ಎಂಟು ಜನರನ್ನು ನೋಡಿ. ಹೊಸ ಮಾಹಿತಿ ಮಾತ್ರ ಎಲ್ಲಿಂದಲೂ ಸೇರಿರುವುದಿಲ್ಲ.

ಗೆದ್ದ ತಂಡದ ವಿಷಯದಲ್ಲಿ ಈ ಉತ್ಪ್ರೇಕ್ಷೆಗೆ ಅದೃಷ್ಟವೂ ಕೈಜೋಡಿಸುತ್ತದೆ. ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ಪ್ರೀಮಿಯರ್ ಲೀಗ್‌ನಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಸರಾಸರಿ ಎರಡೂ ಮುಕ್ಕಾಲರ ಆಸುಪಾಸು. ಎಣಿಕೆ ಇಷ್ಟು ಚಿಕ್ಕದಿರುವಲ್ಲಿ ಕಂಬಕ್ಕೆ ಬಡಿದ ಒಂದು ಚೆಂಡು, ರೆಫರಿಯ ಒಂದು ಸೀಟಿ ಫಲಿತಾಂಶವನ್ನೇ ತಿರುಗಿಸಬಲ್ಲದು. ಭೌತವಿಜ್ಞಾನಿ ಎಲಿ ಬೆನ್-ನೈಮ್ ಮತ್ತು ಇಬ್ಬರು ಸಂಗಡಿಗರು ಐದು ಆಟಗಳ ಮೂರು ಲಕ್ಷಕ್ಕೂ ಹೆಚ್ಚು ಪಂದ್ಯಗಳನ್ನು ಜಾಲಾಡಿ 2006ರಲ್ಲಿ ಹೇಳಿದ್ದು ಇದನ್ನೇ: ದುರ್ಬಲ ತಂಡ ಬಲಿಷ್ಠ ತಂಡವನ್ನು ಸೋಲಿಸುವ ಪ್ರಸಂಗ ಇಂಗ್ಲಿಷ್ ಫುಟ್‌ಬಾಲ್ ಮತ್ತು ಬೇಸ್‌ಬಾಲ್‌ನಲ್ಲಿ ಹೆಚ್ಚು, ಬಾಸ್ಕೆಟ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಡಿಮೆ. ಲೆಸ್ಟರ್‌ನ ಆ ಋತುವನ್ನು ಹತ್ತಿರದಿಂದ ನೋಡಿ. ಮಾರ್ಚ್‌ನಿಂದ ಏಪ್ರಿಲ್ ಆರಂಭದವರೆಗೆ ಸತತ ನಾಲ್ಕು ಪಂದ್ಯಗಳನ್ನು ಅದು ಗೆದ್ದದ್ದು 1-0ರಿಂದ. ನಾಲ್ಕರಲ್ಲಿ ಎರಡು ಸಮವಾಗಿದ್ದರೂ ಮುನ್ನಡೆ ಕುಗ್ಗುತ್ತಿತ್ತು. ಜೊತೆಗೆ ದೊಡ್ಡ ಕ್ಲಬ್‌ಗಳೆಲ್ಲ ಒಟ್ಟಿಗೇ ಎಡವಿದ್ದವು: ಹಿಂದಿನ ವರ್ಷದ ಚಾಂಪಿಯನ್ ಚೆಲ್ಸಿ 10ನೇ ಸ್ಥಾನಕ್ಕೆ ಕುಸಿಯಿತು, ಲಿವರ್‌ಪೂಲ್ 8ನೆಯದಾಯಿತು, ಮ್ಯಾಂಚೆಸ್ಟರ್ ಯುನೈಟೆಡ್ 5ನೆಯದು. ಇದರರ್ಥ ಲೆಸ್ಟರ್‌ಗೆ ಪ್ರತಿಭೆ ಇರಲಿಲ್ಲ ಎಂದಲ್ಲ. ಆ ತಂಡದ ಆಟಗಾರರಾದ ಕಾಂಟೆ ಮತ್ತು ಮಹ್ರೆಜ್ ಆಮೇಲೆ ಎಲ್ಲಿಗೆ ಹೋಗಿ ಏನು ಗೆದ್ದರೆಂದು ಎಲ್ಲರಿಗೂ ಗೊತ್ತು. ಪ್ರತಿಭೆ ಮತ್ತು ಅದೃಷ್ಟ ಎರಡೂ ತುದಿಯಲ್ಲಿ ಕೂಡಿದ ವರ್ಷ ಅದು, ಅಷ್ಟೆ.

ತುದಿಯಲ್ಲಿ ಕೂಡಿದ್ದು ಮರುವರ್ಷ ಮತ್ತೆ ಕೂಡುವುದು ಅಪರೂಪ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಗುರುತಿಸಿದ ನಿಯಮ ಇದು: ತೀರ ಎತ್ತರದವರ ಮಕ್ಕಳು ಸಾಮಾನ್ಯವಾಗಿ ಎತ್ತರವೇ ಇರುತ್ತಾರೆ, ಆದರೆ ತಂದೆತಾಯಿಯಷ್ಟು ಅಲ್ಲ, ಅಳತೆ ಸರಾಸರಿಯತ್ತ ಮರಳುತ್ತದೆ. ಅದೃಷ್ಟದ ಪಾಲಿರುವ ಎಲ್ಲ ಸಾಧನೆಗೂ ಇದು ಅನ್ವಯಿಸುತ್ತದೆ. 2016-17ರಲ್ಲಿ ಲೆಸ್ಟರ್ 44 ಅಂಕಗಳೊಂದಿಗೆ 12ನೇ ಸ್ಥಾನಕ್ಕೆ ಬಂತು. ಜನವರಿಯಲ್ಲಿ ಫಿಫಾದ ವರ್ಷದ ಅತ್ಯುತ್ತಮ ಕೋಚ್ ಎಂದು ಸನ್ಮಾನ ಪಡೆದ ರಾನಿಯೆರಿಯನ್ನು ಫೆಬ್ರುವರಿ 23ರಂದು ಕ್ಲಬ್ ಮನೆಗೆ ಕಳಿಸಿತು. ಆಟಗಾರರಿಗೆ ಕೊಬ್ಬು ಬಂತು, ಕೋಚ್ ಹಿಡಿತ ಕಳೆದುಕೊಂಡರು, ಹೊಸ ಅಭಿಮಾನಿಗಳ ಒತ್ತಡ ಜಾಸ್ತಿಯಾಯಿತು ಎಂದು ನಾನಾ ಕಾರಣ ಹುಡುಕಿದರು. ಕಾಂಟೆಯನ್ನು ಚೆಲ್ಸಿಗೆ ಮಾರಿದ್ದು ನಿಜವಾದ ಕಾರಣಗಳಲ್ಲಿ ಒಂದು. ಆದರೆ ಯಾವ ಕಾರಣವೂ ಇಲ್ಲದಿದ್ದರೂ ಇಳಿಕೆ ನಿರೀಕ್ಷಿತವೇ ಆಗಿತ್ತು. ಗೆಲುವಿನ ಬೆನ್ನುಹತ್ತಿ ಬಂದವರಿಗೆ ಕಾದಿರುವುದು ಹೆಚ್ಚಾಗಿ ಇಂಥ ಇಳಿಜಾರು, ಏಕೆಂದರೆ ಸದ್ದು ಅತಿಯಾಗುವುದು ಶಿಖರದಲ್ಲೇ. ಅವಕಾಶವಾದಿ ಎಂದು ಬೈಸಿಕೊಳ್ಳುವವನಿಗೆ ದಕ್ಕುವ ಅವಕಾಶ ಇಷ್ಟು.

ಈ ಇಳಿಜಾರಿನಲ್ಲಿ ಉಳಿದವರೇ ನಿಜವಾದ ಅಭಿಮಾನಿಗಳು ಎನ್ನುವವರಿಗೆ ಗಟ್ಟಿಯಾದ ಒಂದು ಆಧಾರವಿದೆ. ಬ್ರಿಟನ್ನಿನ ಮಾನವಶಾಸ್ತ್ರಜ್ಞರಾದ ಮಾರ್ಥಾ ನ್ಯೂಸನ್, ಹಾರ್ವಿ ವೈಟ್‌ಹೌಸ್ ಮತ್ತಿತರರು ಪ್ರೀಮಿಯರ್ ಲೀಗ್‌ನ ಹತ್ತು ಕ್ಲಬ್‌ಗಳ ಅಭಿಮಾನಿಗಳನ್ನು ಅಧ್ಯಯನ ಮಾಡಿ, ಗೆಲುವಿನ ಇತಿಹಾಸವಿರುವ ಕ್ಲಬ್‌ಗಳಿಗಿಂತ ಸೋಲುಂಡ ಕ್ಲಬ್‌ಗಳ ಅಭಿಮಾನಿಗಳಲ್ಲಿ ಪರಸ್ಪರ ಬೆಸುಗೆ ಹೆಚ್ಚು ಬಿಗಿ ಎಂದು 2021ರಲ್ಲಿ ತೋರಿಸಿದರು. ಒಟ್ಟಿಗೆ ಉಂಡ ನೋವು ಮನುಷ್ಯರನ್ನು ಬಂಧುಗಳಂತೆ ಕಟ್ಟುತ್ತದೆ ಎಂಬುದು ಅವರ ವಿವರಣೆ. ಯುದ್ಧದಲ್ಲಿ ಜೊತೆಗೆ ಹೋರಾಡಿದವರ ನಡುವೆಯೂ ಇಂಥದೇ ಬೆಸುಗೆ ಕಂಡಿದೆ, ಆದ್ದರಿಂದ ತಳ್ಳಿಹಾಕುವ ಮಾತಲ್ಲ. ಆದರೂ ನನಗೆ ಇಲ್ಲೊಂದು ಅನುಮಾನ. ಸೋಲುವ ಕ್ಲಬ್‌ನಲ್ಲಿ ನೀವು ಇಂದು ಯಾರನ್ನು ಮಾತಾಡಿಸಿದರೂ ಅವರು ಸೋಲಿನ ನಂತರವೂ ಉಳಿದವರು. ಬಿಟ್ಟುಹೋದವರು ನಿಮ್ಮ ಪಟ್ಟಿಯಲ್ಲಿ ಇರುವುದೇ ಇಲ್ಲ. ಗೆಲ್ಲುವ ಕ್ಲಬ್‌ನಲ್ಲಿ ಗಟ್ಟಿಗರೂ ತೆಳು ಅಭಿಮಾನದವರೂ ಬೆರೆತಿರುತ್ತಾರೆ, ಹಾಗಾಗಿ ಅಲ್ಲಿನ ಸರಾಸರಿ ಕೆಳಗಿರುತ್ತದೆ. ನೋವು ಬೆಸೆಯಿತೋ, ಇಲ್ಲ ನೋವು ಜಾಳುಕಾಳನ್ನು ತೂರಿ ಗಟ್ಟಿಕಾಳನ್ನಷ್ಟೇ ಉಳಿಸಿತೋ? ಎರಡೂ ಇರಬಹುದು. ಏನೇ ಇದ್ದರೂ, ಈ ಅಧ್ಯಯನ ಉಳಿದವರ ಬಗ್ಗೆ ಹೇಳುತ್ತದೆಯೇ ಹೊರತು ಅವರು ಮೊದಲು ಯಾವ ಕಾರಣಕ್ಕೆ ಬಂದರು ಎಂಬುದರ ಬಗ್ಗೆ ಅಲ್ಲ.

ಮೊದಲು ಬಂದ ಕಾರಣಕ್ಕೆ ಸಿಕ್ಕಿರುವ ಅತ್ಯುತ್ತಮ ಸುಳಿವು ಬೇಸ್‌ಬಾಲ್‌ನದು. ಅರ್ಥಶಾಸ್ತ್ರಜ್ಞ ಸೆತ್ ಸ್ಟೀಫನ್ಸ್-ಡೇವಿಡೊವಿಟ್ಜ್ 2014ರಲ್ಲಿ ಫೇಸ್‌ಬುಕ್ ದತ್ತಾಂಶ ಇಟ್ಟುಕೊಂಡು, ಯಾವ ವರ್ಷ ಹುಟ್ಟಿದ ಗಂಡಸರು ಯಾವ ತಂಡದ ಅಭಿಮಾನಿಗಳು ಎಂದು ನೋಡಿದರು. ನ್ಯೂಯಾರ್ಕಿನ ಮೆಟ್ಸ್ ತಂಡಕ್ಕೆ ಎರಡು ವಯೋಮಾನದವರಲ್ಲಿ ವಿಪರೀತ ಅಭಿಮಾನ ಕಂಡಿತು. ಆ ತಂಡ ಚಾಂಪಿಯನ್ ಆದದ್ದು 1969 ಮತ್ತು 1986ರಲ್ಲಿ; ಆಗ ಆ ಗಂಡಸರೆಲ್ಲ ಏಳೆಂಟು ವರ್ಷದ ಹುಡುಗರು. ಬೇರೆ ತಂಡಗಳಲ್ಲೂ ಇದೇ ಮಾದರಿ. ಎಂಟರ ವಯಸ್ಸಿನಲ್ಲಿ ಕಂಡ ಗೆಲುವು ಐವತ್ತರ ವಯಸ್ಸಿನ ನಿಷ್ಠೆಯನ್ನು ನಿರ್ಧರಿಸುತ್ತದೆ. ಅಂದರೆ ಇವತ್ತು ಹೊಸಬರನ್ನು ಹೀಯಾಳಿಸುವ ಹಿರಿಯ ಅಭಿಮಾನಿಯೂ ಒಂದಾನೊಂದು ಕಾಲದಲ್ಲಿ ಗೆದ್ದೆತ್ತಿನ ಬಾಲ ಹಿಡಿದವನೇ. ಆಗ ಚಿಕ್ಕವನಿದ್ದ, ಅದನ್ನು ಮರೆತಿದ್ದಾನೆ. ಭಾರತದಲ್ಲಿ ಇದಕ್ಕೆ ದೊಡ್ಡ ಉದಾಹರಣೆ 1986ರ ವಿಶ್ವಕಪ್. ದೂರದರ್ಶನದಲ್ಲಿ ಮರಡೋನಾ ಆಟ ಕಂಡ ಪೀಳಿಗೆ ಕೇರಳ, ಬಂಗಾಳಗಳಲ್ಲಿ ಇವತ್ತಿಗೂ ಅರ್ಜೆಂಟೀನಾ ಧ್ವಜ ಕಟ್ಟುತ್ತದೆ. ಆ ದೇಶದ ಜೊತೆ ಅವರಿಗೆ ಊರಿನ ನಂಟಿಲ್ಲ, ನುಡಿಯ ನಂಟಿಲ್ಲ. ಒಂದು ಗೆಲುವಿನ ನಂಟಿದೆ, ಅದು ಮೂರೂವರೆ ದಶಕದ ಬರಗಾಲವನ್ನು ದಾಟಿ 2022ರವರೆಗೆ ಬಂತು.

ದುರ್ಬಲರ ಪರ ನಿಲ್ಲುವುದೂ ಮನುಷ್ಯಸ್ವಭಾವ ಅಲ್ಲವೇ, ಗೆದ್ದವರ ಹಿಂದೆ ಮಾತ್ರ ಹೋಗುತ್ತಾರೆ ಎನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಜೋಸೆಫ್ ವ್ಯಾಂಡೆಲ್ಲೊ ಮತ್ತಿತರರ 2007ರ ಅಧ್ಯಯನದ ಪ್ರಕಾರ, ಸಂಬಂಧವಿಲ್ಲದ ಇಬ್ಬರ ಸ್ಪರ್ಧೆಯಲ್ಲಿ ಜನ ಸಾಮಾನ್ಯವಾಗಿ ದುರ್ಬಲರ ಪರ ಒಲಿಯುತ್ತಾರೆ, ದುರ್ಬಲರು ಹೆಚ್ಚು ಶ್ರಮಪಡುತ್ತಿದ್ದಾರೆ ಎಂದೂ ಭಾವಿಸುತ್ತಾರೆ. ಆದರೆ ಈ ಒಲವಿಗೆ ಗೆಲ್ಲುವ ಸಣ್ಣ ಸಾಧ್ಯತೆಯಾದರೂ ಬೇಕು. ತಳದಲ್ಲಿ ಕೊಳೆಯುತ್ತಿದ್ದ ಲೆಸ್ಟರ್‌ಗೆ ಜಗತ್ತು ಮರುಗಲಿಲ್ಲ. ಗೆಲ್ಲುತ್ತಿರುವ ಬಡವ ಎಂದಾದ ಮೇಲೆ ಮುಗಿಬಿತ್ತು. ಇದ್ದಕ್ಕಿದ್ದಂತೆ ಗೆಲ್ಲುವ ತಂಡಕ್ಕೆ ಎರಡೂ ಆಕರ್ಷಣೆ ಏಕಕಾಲಕ್ಕೆ ದೊರೆಯುತ್ತವೆ, ಹಾಗಾಗಿಯೇ ಅದರ ಸುತ್ತ ಎದ್ದಷ್ಟು ಧೂಳು ಸದಾ ಗೆಲ್ಲುವ ತಂಡದ ಸುತ್ತ ಏಳುವುದಿಲ್ಲ.

ಕನ್ನಡ ಓದುಗರು ಎತ್ತಬಹುದಾದ ಇನ್ನೊಂದು ಆಕ್ಷೇಪ ಕ್ರಿಕೆಟ್ಟಿನದು. ರಾಯಲ್ ಚಾಲೆಂಜರ್ಸ್‌ನ ಪುರುಷರ ತಂಡ 2008ರಿಂದ 17 ಋತು ಕಪ್ ಇಲ್ಲದೆ ಕಳೆಯಿತು; ‘ಈ ಸಲ ಕಪ್ ನಮ್ದೇ’ ಎನ್ನುವವರ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು. ಸೋತರೆ ಜಾರಿಕೊಳ್ಳುವ ನಿಯಮ ಎಲ್ಲಿ ಹೋಯಿತು? ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕೋಂಬ್ 1990ರಲ್ಲೇ ತೋರಿಸಿದಂತೆ, ತಂಡದೊಂದಿಗೆ ಆಳವಾಗಿ ಗುರುತಿಸಿಕೊಂಡವರು ಸೋಲಿಗೆ ದೂರ ಸರಿಯುವುದಿಲ್ಲ. ಅಲ್ಲದೆ ಕಪ್ ಇಲ್ಲದಿದ್ದರೂ ಬೆಳಕಿಗೆ ಕೊರತೆ ಇರಲಿಲ್ಲ: ಕೊಹ್ಲಿ, ಗೇಲ್, ಡಿವಿಲಿಯರ್ಸ್ ಇದ್ದ ತಂಡ, ಮೂರು ಸಲ ಫೈನಲ್ ಕಂಡ ತಂಡ. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಯಲ್ಲಿ ನಿಂತು ನಿರಾಶರಾಗುವ ಲಕ್ಷಾಂತರ ಮಂದಿ ಕಣ್ಣೆದುರಿಗೇ ಇದ್ದರು. ಸಂತೋಷ್ ಟ್ರೋಫಿ ವಿಜೇತರಿಗೆ ಸಿಗದಿದ್ದದ್ದು ಇದೇ.

ಹೈಪ್‌ನಿಂದ ಅಪಾಯವಿಲ್ಲವೇ ಎಂದರೆ, ಇದೆ. ರಾಯಲ್ ಚಾಲೆಂಜರ್ಸ್ ಕೊನೆಗೂ ಕಪ್ ಗೆದ್ದ ಸಂಭ್ರಮಕ್ಕೆ ಜನ ಸೇರಿದಾಗ, 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆ ಹೊತ್ತಿನಲ್ಲೂ ‘ಹುಚ್ಚು ಅಭಿಮಾನ’ ಎಂಬ ಮಾತು ಕೇಳಿಬಂತು. ಇದು ಕೆಟ್ಟ ವಿಜ್ಞಾನ. ಚದರ ಮೀಟರಿಗೆ ಆರೇಳು ಜನ ಸೇರಿದ ಮೇಲೆ ಗುಂಪು ದ್ರವದಂತೆ ಚಲಿಸತೊಡಗುತ್ತದೆ. ಒಳಗಿರುವ ವ್ಯಕ್ತಿಯ ಇಚ್ಛೆಗೆ ಅಲ್ಲಿ ಬೆಲೆಯಿಲ್ಲ, ಅವನು ಹಳೇ ಅಭಿಮಾನಿಯೋ ಹೊಸಬನೋ ಎಂಬುದಕ್ಕಂತೂ ಇಲ್ಲವೇ ಇಲ್ಲ. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ, ಒಟ್ಟು 97 ಲಿವರ್‌ಪೂಲ್ ಅಭಿಮಾನಿಗಳ ಜೀವ ತೆಗೆದ ನೂಕುನುಗ್ಗಲು ನಡೆದಾಗಲೂ ಮೊದಲು ದೂರು ಬಿದ್ದದ್ದು ಅಭಿಮಾನಿಗಳ ಮೇಲೆ. ಅವರದೇನೂ ತಪ್ಪಿಲ್ಲ, ಅದು ಕಾನೂನುಬಾಹಿರ ಸಾವು ಎಂದು ತೀರ್ಪುಗಾರರು ಹೇಳಲು 2016ರ ಏಪ್ರಿಲ್ 26ರವರೆಗೆ ಕಾಯಬೇಕಾಯಿತು; ಲೆಸ್ಟರ್ ಗೆಲ್ಲುವುದಕ್ಕೆ ಆರು ದಿನ ಮುಂಚೆ. ಗೆದ್ದ ತಂಡವನ್ನು ನೋಡಲು ಜನ ಬರುತ್ತಾರೆ, ನಿರೀಕ್ಷೆಗೂ ಮೀರಿ ಬರುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು ಬರುತ್ತಾರೆ. ಮಿಲ್‌ಗ್ರಾಂ ಕಾಲದಿಂದ ಇದು ಗೊತ್ತಿರುವ ಸಂಗತಿ. ಗೊತ್ತಿದ್ದ ಮೇಲೆ ಸಿದ್ಧತೆ ಮಾಡುವ ಹೊಣೆ ಕರೆದವರದು.

ಹಳೆಯ ಅಭಿಮಾನಿಗಳ ಒಂದು ದೂರು ಮಾತ್ರ ನ್ಯಾಯವಾದದ್ದು, ಅದು ಟಿಕೆಟ್ಟಿನದು. ಗೆಲುವು ಬಂದಾಗ ಬೇಡಿಕೆ ಏರಿ, ಬೆಲೆ ಏರಿ, ವರ್ಷಗಟ್ಟಲೆ ಮಳೆಯಲ್ಲಿ ನಿಂತವರೇ ಹೊರಗುಳಿಯಬಹುದು. 2016ರ ಫೆಬ್ರುವರಿಯಲ್ಲಿ 77 ಪೌಂಡ್ ಟಿಕೆಟ್ ವಿರೋಧಿಸಿ ಲಿವರ್‌ಪೂಲ್‌ನ ಸಾವಿರಾರು ಅಭಿಮಾನಿಗಳು 77ನೇ ನಿಮಿಷಕ್ಕೆ ಎದ್ದು ನಡೆದರು. ಕ್ಲಬ್ ಬೆಲೆ ಇಳಿಸಿತು. ಪರಸ್ಥಳದಿಂದ ಬರುವ ಅಭಿಮಾನಿಗಳ ಟಿಕೆಟ್ಟಿಗೆ ಅದೇ ವರ್ಷ ಪ್ರೀಮಿಯರ್ ಲೀಗ್ 30 ಪೌಂಡ್ ಮಿತಿ ಹಾಕಿತು. ಇಂಥ ಹೋರಾಟದ ಗುರಿ ಕ್ಲಬ್‌ನ ಗಲ್ಲಾಪೆಟ್ಟಿಗೆ. ಪಕ್ಕದ ಸೀಟಿಗೆ ಬಂದು ಕೂತ ಹೊಸಬ ಆ ಬೆಲೆ ನಿಗದಿ ಮಾಡಿದವನಲ್ಲ.

ಲೆಸ್ಟರ್ ಮೈದಾನದ ಲೆಕ್ಕವನ್ನೇ ಕೊನೆಗೆ ನೋಡೋಣ. 2008-09ರಲ್ಲಿ ತಂಡ ಮೂರನೇ ದರ್ಜೆಯಲ್ಲಿ ಆಡುವಾಗ ಪಂದ್ಯಕ್ಕೆ ಬರುತ್ತಿದ್ದವರು ಸರಾಸರಿ 20 ಸಾವಿರದಷ್ಟು. ಪ್ರೀಮಿಯರ್ ಲೀಗ್‌ಗೆ ಏರಿದ ಮೇಲೆ ಅದು 31 ಸಾವಿರ ದಾಟಿತು, ಅಲ್ಲಿಗೆ ಮೈದಾನ ತುಂಬಿತು. ಅಂದರೆ 2016ರಲ್ಲಿ ಹೊಸಬರನ್ನು ಮೂದಲಿಸಲು ಸ್ಟ್ಯಾಂಡ್‌ನಲ್ಲಿ ಕೂತಿದ್ದ ಪ್ರತಿ ಮೂವರಲ್ಲಿ ಒಬ್ಬರ ಸೀಟು, ತಂಡ ಮೇಲೇರುವಾಗ ತುಂಬಿದ ಸೀಟು. ಆಮೇಲೆ 2021ರಲ್ಲಿ ತಂಡ ಎಫ್‌ಎ ಕಪ್ ಗೆದ್ದಿತು, 2023ರಲ್ಲಿ ಎರಡನೇ ದರ್ಜೆಗೆ ಬಿತ್ತು, 2024ರಲ್ಲಿ ಎದ್ದಿತು, 2025ರಲ್ಲಿ ಮತ್ತೆ ಬಿತ್ತು. ಬಿದ್ದ ಮೇಲಿನ ಮೊದಲ ವರ್ಷ, 2023-24ರಲ್ಲಿ, ಎರಡನೇ ದರ್ಜೆಯ ಪಂದ್ಯಗಳನ್ನು ನೋಡಲು ಆ ಮೈದಾನಕ್ಕೆ ಬಂದವರ ಸರಾಸರಿ ಸಂಖ್ಯೆ ಆಗಲೂ 30 ಸಾವಿರಕ್ಕಿಂತ ಹೆಚ್ಚು.